ವಿದ್ಯಾರ್ಥಿಯ ಆಟ, ಡಾಲರಿನ ಲೆಕ್ಕ

ಅಮೆರಿಕದ ಕಾಲೇಜು ಫುಟ್‌ಬಾಲ್ ನಾವು ಬಲ್ಲ ಕಾಲ್ಚೆಂಡಾಟವಲ್ಲ. ಚೆಂಡನ್ನು ಅವುಚಿಕೊಂಡು ಎದುರಾಳಿಗಳ ನಡುವೆ ನುಗ್ಗುವ ಆಟ. 1869ರಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ನಿನ ಹುಡುಗರು, ಪಕ್ಷಕ್ಕೆ 25 ಮಂದಿಯಂತೆ, ಮೊದಲ ಪಂದ್ಯವಾಡಿದಾಗ ಚೆಂಡನ್ನು ಹಿಡಿದು ಓಡುವಂತೆಯೇ ಇರಲಿಲ್ಲವೆಂಬುದು ಒಂದು ಸೋಜಿಗ. ಮುಂದೆ ಆಟ ಸಾವುನೋವಿಗೆ ಕಾರಣವಾಗಿ, 1905ರಲ್ಲಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟರೇ ಕಾಲೇಜು ಪ್ರಮುಖರನ್ನು ಕರೆಸಬೇಕಾಯಿತು. ಮರುವರ್ಷ ಚೆಂಡನ್ನು ಮುಂದಕ್ಕೆ ಎಸೆಯಲು ನಿಯಮ ಒಪ್ಪಿತು.

ಅನಂತರ ಬಂದುದು ದೂರದರ್ಶನದ ಹಣ. ತರಬೇತುದಾರ ಸಿರಿವಂತನಾದ, ಮೂಳೆ ಮುರಿದುಕೊಳ್ಳುವ ಹುಡುಗನಿಗೆ ಮಾತ್ರ ವಿದ್ಯಾರ್ಥಿವೇತನವೇ ಸಾಕೆಂದರು. ‘ಹವ್ಯಾಸಿ’ ಎಂಬ ಬಿರುದು ಎಷ್ಟು ಅಗ್ಗ! 2021ರಲ್ಲಿ ತನ್ನ ಹೆಸರು, ಭಾವಚಿತ್ರಗಳಿಂದ ಸಂಪಾದಿಸುವ ಹಕ್ಕು ಅವನಿಗೆ ದೊರೆಯಿತು; 2025ರಲ್ಲಿ, ನ್ಯಾಯಾಲಯವೊಪ್ಪಿದ ರಾಜಿಯಂತೆ, ಕಾಲೇಜುಗಳೇ ನೇರವಾಗಿ ಹಣ ಕೊಡತೊಡಗಿದವು. ಹೆಚ್ಚು ಕೊಡುವಲ್ಲಿಗೆ ಹುಡುಗರು ಹಾರುತ್ತಾರೆಂದು ಹಳಬರು ನಿಟ್ಟುಸಿರಿಡುತ್ತಾರೆ. ತರಬೇತುದಾರರು ಹಾಗೆ ಹಾರುವುದು ಮೊದಲಿನಿಂದಲೂ ಇದ್ದುದೇ.