ಜಲಸಸ್ಯಗಳು ಮತ್ತು ಭಾರಲೋಹಗಳು: ಪಾಠದಲ್ಲಿ ಬಿಟ್ಟುಹೋಗುವ ಅರ್ಧಾಂಶ

ಜಲಸಸ್ಯಗಳು ಕಲುಷಿತ ನೀರನ್ನು ಶುದ್ಧಗೊಳಿಸುತ್ತವೆ ಎಂದು ಪರಿಸರ ಪಾಠಗಳಲ್ಲಿ ನಾವು ಆಗಾಗ ಹೇಳುತ್ತೇವೆ. ಈ ಮಾತು ಸುಳ್ಳಲ್ಲ, ಆದರೆ ಅಪೂರ್ಣ. ಪೈವಳಿಕೆಯ ತರಬೇತಿಯೊಂದರಲ್ಲಿ ಅಧ್ಯಾಪಿಕೆಯೊಬ್ಬರು ತಮ್ಮ ತರಗತಿಯ ಮಗುವಿನ ಪ್ರಶ್ನೆಯನ್ನು ಮುಂದಿಟ್ಟರು: "ಹಾಗಾದರೆ ನೀರಿನಲ್ಲಿದ್ದ ವಿಷ ಎಲ್ಲಿಗೆ ಹೋಯಿತು, ಟೀಚರ್?" ಪಾಠದ ತಿರುಳು ಈ ಪ್ರಶ್ನೆಯಲ್ಲಿಯೇ ಇದೆ.

ಸೀಸ, ಕ್ಯಾಡ್ಮಿಯಂ, ಪಾದರಸ, ಕ್ರೋಮಿಯಂ ಮೊದಲಾದವು ಭಾರಲೋಹಗಳು. ಕೊಳಚೆಯ ಸಾವಯವ ಅಂಶಗಳನ್ನು ಸೂಕ್ಷ್ಮಜೀವಿಗಳು ವಿಘಟಿಸಬಲ್ಲವು. ಲೋಹಗಳಾದರೋ ಮೂಲವಸ್ತುಗಳು, ಅವುಗಳನ್ನು ಯಾವ ಜೀವಿಯೂ ವಿಘಟಿಸಲಾರದು. ಅವು ಸ್ಥಳ ಬದಲಿಸಬಹುದು, ಸಂಯುಕ್ತ ರೂಪ ಬದಲಿಸಬಹುದು; ಇಲ್ಲವಾಗಲಾರವು. ಕುಡಿಯುವ ನೀರಿನಲ್ಲಿ ಸೀಸಕ್ಕೆ ಭಾರತೀಯ ಮಾನಕವು ವಿಧಿಸಿದ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಇಷ್ಟು ಅಲ್ಪಾಂಶವು ಕಣ್ಣಿಗೂ ನಾಲಗೆಗೂ ಗೋಚರಿಸದು. ಆದ್ದರಿಂದ ತಿಳಿಯಾಗಿ ಕಾಣುವ ನೀರೆಲ್ಲವೂ ಶುದ್ಧವಲ್ಲ.

ಮಲಯಾಳದಲ್ಲಿ ಕುಳವಾಳ ಎನಿಸಿಕೊಳ್ಳುವ ವಾಟರ್ ಹಯಾಸಿಂತ್ ದಕ್ಷಿಣ ಅಮೆರಿಕ ಮೂಲದ ತೇಲುವ ಸಸ್ಯ. ಇದರ ಗರಿಯಂತಹ ಬೇರುಗಳು ನೀರಿನಲ್ಲಿ ಇಳಿಬಿದ್ದಿರುತ್ತವೆ. ಬೇರಿನ ಕೋಶಭಿತ್ತಿಯ ಋಣಾವೇಶವು ಧನಾವೇಶವುಳ್ಳ ಲೋಹದ ಅಯಾನುಗಳನ್ನು ಹಿಡಿದಿಡುತ್ತದೆ. ಕೋಶದೊಳಗೆ ಹೋದ ಲೋಹವನ್ನು ವಿಶೇಷ ಪೆಪ್ಟೈಡುಗಳು ಬಂಧಿಸುತ್ತವೆ. ಬಳಿಕ ಅದು ರಸದಾನಿಯಲ್ಲಿ ಸಂಗ್ರಹವಾಗುತ್ತದೆ. ಸಾಮಾನ್ಯವಾಗಿ ಎಲೆಗಿಂತ ಬೇರಿನಲ್ಲಿಯೇ ಲೋಹದ ಪಾಲು ಹೆಚ್ಚು. ಅಂದರೆ ನೀರಿನ ವಿಷ ಈಗ ಗಿಡದಲ್ಲಿದೆ.

ಮುಂದೆ ಆ ಗಿಡವನ್ನು ಏನು ಮಾಡುತ್ತೇವೆಂಬುದೇ ನಿರ್ಣಾಯಕ. 2015 ಮತ್ತು 2017ರಲ್ಲಿ ಬೆಂಕಿ ಕಾಣಿಸಿಕೊಂಡು ದೇಶದ ಗಮನ ಸೆಳೆದ ಬೆಂಗಳೂರಿನ ಬೆಳ್ಳಂದೂರು ಕೆರೆಯನ್ನು ಇದೇ ಸಸ್ಯ ಚಾಪೆಯಂತೆ ಹೊದ್ದುಕೊಂಡಿತ್ತು. ಗಿಡಗಳು ಹೇರಳವಾಗಿದ್ದರೂ ಕೆರೆ ಶುದ್ಧವಾಗಲಿಲ್ಲ. ಕೊಳಚೆ ಹರಿದುಬರುತ್ತಲೇ ಇದ್ದರೆ ಗಿಡದ ಶ್ರಮ ಸಾಲದು. ಕೊಯ್ದು ತೆಗೆಯದ ಗಿಡ ಕೊಳೆತಾಗ ಹೀರಿದ ಲೋಹ ಕೆಸರಿಗೂ ನೀರಿಗೂ ಮರಳುತ್ತದೆ. ಕೊಯ್ದದ್ದನ್ನು ಮೇವಾಗಿಸಿದರೆ ಅದು ದನದ ದೇಹವನ್ನು ಸೇರುತ್ತದೆ. ಗೊಬ್ಬರವಾಗಿಸಿದರೆ ತೋಟದ ಮಣ್ಣನ್ನು ಸೇರುತ್ತದೆ. ಅದೇ ನಗರದ ಜಕ್ಕೂರು ಕೆರೆಯ ವ್ಯವಸ್ಥೆ ಬೇರೆ. ಅಲ್ಲಿ ಕೊಳಚೆ ನೀರು ಮೊದಲು ಶುದ್ಧೀಕರಣ ಘಟಕವನ್ನು ಹಾದು, ಅನಂತರ ಜೊಂಡು ಬೆಳೆದ ಜೌಗುಭೂಮಿಯ ಮೂಲಕ ಕೆರೆಗಿಳಿಯುತ್ತದೆ. ಸಸ್ಯವು ಅಲ್ಲಿ ಘಟಕಕ್ಕೆ ಬದಲಿಯಲ್ಲ, ಸಹಾಯಕ.

ತರಗತಿಯಲ್ಲಿ ಲೋಹದ ಲವಣಗಳನ್ನು ಬಳಸಲೇಬಾರದು. ಬೇರುಸಹಿತ ಕಿತ್ತ ಕರ್ಣಕುಂಡಲದ ಗಿಡವನ್ನು ಕೆಂಪು ಶಾಯಿ ಬೆರೆಸಿದ ನೀರಿನಲ್ಲಿಡಿರಿ. ಕೆಲವು ಗಂಟೆಗಳ ಬಳಿಕ ಕಾಂಡದಲ್ಲಿ ಕೆಂಪು ಗೆರೆಗಳು ಕಾಣುತ್ತವೆ. "ಈ ಗಿಡವನ್ನು ಈಗ ಎಲ್ಲಿ ಹಾಕೋಣ?" ಎಂದು ಕೇಳಿರಿ. ಹಟ್ಟಿಗೆ, ತೋಟಕ್ಕೆ, ಮರಳಿ ನೀರಿಗೆ ಎಂಬ ಉತ್ತರಗಳನ್ನು ಕಪ್ಪುಹಲಗೆಯಲ್ಲಿ ಬರೆದು, ಶಾಯಿಯ ಬದಲು ಸೀಸವಿದ್ದರೆ ಪ್ರತಿಯೊಂದರ ಫಲವೇನೆಂದು ಮಕ್ಕಳಿಂದಲೇ ಹೇಳಿಸಿರಿ. ಲೋಹ ಹೀರಿದ ಗಿಡವನ್ನು ಜನ, ಜಾನುವಾರು, ಜಲಮೂಲಗಳಿಂದ ದೂರ, ಅಪಾಯಕಾರಿ ತ್ಯಾಜ್ಯವೆಂದೇ ವಿಲೇವಾರಿ ಮಾಡಬೇಕೆಂಬ ನಿರ್ಣಯಕ್ಕೆ ಅವರು ತಾವೇ ಬರುತ್ತಾರೆ.

ಬಾವಿ, ಮದಕ, ಸುರಂಗಗಳ ನೀರನ್ನು ನಂಬಿದ ಊರು ನಮ್ಮದು. ಹಳೆಯ ಬ್ಯಾಟರಿಯನ್ನು ತೋಡಿಗೆಸೆದ ಮೇಲೆ ಗಿಡ ನೆಡುವುದಕ್ಕಿಂತ, ಎಸೆಯದಿರುವುದೇ ಮೇಲು. ವಿಷ ಎಲ್ಲಿಗೆ ಹೋಯಿತೆಂದು ಕೇಳಲು ಕಲಿತ ಮಗು ಇದನ್ನು ಮನೆಯಲ್ಲಿಯೂ ಹೇಳುತ್ತದೆ.