ನೀಲಿ ಟೆಂಟುಗಳ ನಡುವೆ ಸಂಜೆಯ ದವಾಖಾನೆ

ಸಂಜೆ ಆರು ಗಂಟೆಗೆ ಇಲ್ಲಿಗೆ ರೋಗಿಗಳಿಗಿಂತ ಮೊದಲು ಅವರ ಚಪ್ಪಲಿಗಳು ಬರುತ್ತವೆ. ಪಟ್ಟಿ ಕಿತ್ತು ತಂತಿ ಬಿಗಿದ ಹವಾಯಿ, ಹಿಮ್ಮಡಿ ಸವೆದ ಪ್ಲಾಸ್ಟಿಕ್ ಮೆಟ್ಟು, ಸಿಮೆಂಟ್ ಮೆತ್ತಿ ಬಿಳಿಚಿದ ಗಂಡಸರ ಬೂಟು, ಎಲ್ಲವೂ ತಗಡಿನ ಕೋಣೆಯ ಮುಂದೆ ಸಾಲಾಗಿ ಕೂತಿವೆ. ಬರಿಗಾಲಲ್ಲಿ ಬಂದವರು ಒಂದು ಕಲ್ಲಿಟ್ಟು ಹೋಗಿದ್ದಾರೆ. ಪಾಳಿ ಹಿಡಿಯುವುದು ಹೀಗೆ. ಚಪ್ಪಲಿಯ ಒಡತಿಯರು ಅಲ್ಲೇ ನಾಲ್ಕು ಮಾರು ದೂರದಲ್ಲಿ ಒಲೆ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಾರೆ. ಒಂದು ಟೆಂಟಿನಿಂದ ಶುರುವಾದ ಆ ಸದ್ದು ಕತ್ತಲಾಗುವಷ್ಟರಲ್ಲಿ ಇಡೀ ಬಯಲನ್ನು ತುಂಬುತ್ತದೆ.

ಬೆಂಗಳೂರಿನ ಪೂರ್ವದ ಅಂಚು ಇದು. ಗಾಜಿನ ಗೋಡೆಯ ಕಚೇರಿಗಳು, ಇಪ್ಪತ್ತು ಅಂತಸ್ತಿನ ಅಪಾರ್ಟ್‌ಮೆಂಟುಗಳು. ಅವುಗಳ ಬೆನ್ನಿಗೆ ಇನ್ನೂ ಕಟ್ಟಡ ಏಳದ ಖಾಲಿ ಜಾಗ. ಅಲ್ಲಿ ನೀಲಿ ಟಾರ್ಪಾಲಿನ ಟೆಂಟುಗಳು. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯ ಊರುಗಳಿಂದ ಮಳೆ ಕೈಕೊಟ್ಟ ವರ್ಷ ಬಂದವರು, ಸಾಲ ತೀರಿಸಲು ಬಂದವರು, ಬಂದವರ ಬೆನ್ನು ಹತ್ತಿ ಬಂದವರು. ಗಂಡಸರು ಸೆಂಟ್ರಿಂಗ್, ಗಾರೆ ಕೆಲಸಕ್ಕೆ. ಹೆಂಗಸರು ಮನೆಗೆಲಸಕ್ಕೆ, ಕಸ ಬೇರ್ಪಡಿಸಲಿಕ್ಕೆ. ನೆಲ ಇನ್ನೊಬ್ಬರದು, ಅದಕ್ಕೆ ತಿಂಗಳ ಬಾಡಿಗೆ. ನೀರು ಟ್ಯಾಂಕರಿನದು, ಅದಕ್ಕೆ ಬೇರೆ ದುಡ್ಡು. 1973ರ ಕೊಳಚೆ ಪ್ರದೇಶಗಳ ಕಾಯ್ದೆಯಡಿ ಘೋಷಣೆಯಾದ ಕೇರಿಗೆ ನಲ್ಲಿ, ಚರಂಡಿ, ದೀಪ ಕೇಳಲು ಒಂದು ಆಧಾರವಾದರೂ ಇದೆ. ಇಂಥ ಟೆಂಟುಗಳ ಬಯಲು ಸಾಮಾನ್ಯವಾಗಿ ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಆರೂವರೆಗೆ ಬಾಗಿಲು ತೆರೆಯಿತು. ಹತ್ತಡಿ ಉದ್ದ, ಎಂಟಡಿ ಅಗಲದ ಕೋಣೆ. ಮಡಚುವ ಮೇಜು, ಮೂರು ಕುರ್ಚಿ, ಬ್ಯಾಟರಿಗೆ ಸಿಕ್ಕಿಸಿದ ಒಂದು ಬಲ್ಬು, ತೂಕದ ಯಂತ್ರ, ಬಿಪಿ ನೋಡುವ ಪಟ್ಟಿ. ಔಷಧವೆಲ್ಲ ಇರುವುದು ಒಂದು ಟ್ರಂಕಿನಲ್ಲಿ. ಇಲಿ ಹೊಗದಿರಲೆಂದು ಟ್ರಂಕು. ಹಗಲೆಲ್ಲ ಬೇರೆ ಆಸ್ಪತ್ರೆಯಲ್ಲಿ ದುಡಿದು ಬಂದ ಡಾಕ್ಟರಮ್ಮ, ಸರ್ಕಾರಿ ಕೆಲಸದಿಂದ ನಿವೃತ್ತರಾದ ನರ್ಸ್, ಮಾತ್ರೆ ಎಣಿಸಿ ಕೊಡುವ ಇಬ್ಬರು ಹುಡುಗರು. ವಾರಕ್ಕೆ ಎರಡು ಸಂಜೆ. ದುಡ್ಡಿಲ್ಲ, ರಸೀದಿಯಿಲ್ಲ, ಆಧಾರ್ ಕೇಳುವುದಿಲ್ಲ.

ಡಾಕ್ಟರಮ್ಮ ಮೈಸೂರಿನವರು. ಮೊದಮೊದಲು ಇಲ್ಲಿಯ ಕನ್ನಡ ಅವರಿಗೆ ಅರ್ಥವಾಗುತ್ತಿರಲಿಲ್ಲವಂತೆ. ‘ಮೈ ಹರೀತದ’ ಎಂದರೆ ಮೈಕೈ ನೋವು, ‘ಹೊಟ್ಟಿ ಕಡೀತದ’ ಎಂದರೆ ಕಚ್ಚುವುದಲ್ಲ, ಹಿಂಡುವ ನೋವು. ‘ಕಣ್ಣಿಗಿ ಕತ್ತಲಿ ಬರ್ತದ’ ಎಂದು ಬಂದ ಹೆಂಗಸರನ್ನು ಮೊದಲ ತಿಂಗಳು ಕಣ್ಣಿನ ಆಸ್ಪತ್ರೆಗೆ ಕಳಿಸುವುದಿತ್ತು. ಅದು ಕಣ್ಣಿನ ಕಾಯಿಲೆಯಲ್ಲ, ರಕ್ತಹೀನತೆ ಎಂದು ತಿಳಿದದ್ದು ನರ್ಸಮ್ಮ ಒಬ್ಬಾಕೆಯ ಕಣ್ಣಿನ ಕೆಳರೆಪ್ಪೆ ಬಿಡಿಸಿ ತೋರಿಸಿದಾಗ. ಒಳಗೆ ಕೆಂಪೇ ಇರಲಿಲ್ಲ. ಈಗ ಡಾಕ್ಟರಮ್ಮ ‘ಎಷ್ಟ್ ದಿನಾತು ಆರಾಮಿಲ್ಲದ?’ ಎಂದೇ ಕೇಳುತ್ತಾರೆ. ಭಾಷೆ ತಿಳಿಯದ ವೈದ್ಯರ ಮುಂದೆ ರೋಗಿ ಅರ್ಧ ರೋಗವನ್ನಷ್ಟೇ ಹೇಳುತ್ತಾನೆ ಎಂಬುದನ್ನು ನಾನು ಕಣ್ಣಾರೆ ಕಂಡದ್ದು ಈ ಕೋಣೆಯಲ್ಲಿ.

ಮೊದಲ ಪಾಳಿ ಒಬ್ಬ ಅಜ್ಜಿಯದು. ದಿನವಿಡೀ ಕಸ ಬೇರ್ಪಡಿಸಿದ ಕೈಗಳನ್ನು ಸೀರೆಯ ಸೆರಗಿಗೆ ಒರೆಸುತ್ತ ಒಳಗೆ ಬಂದಳು. ಬಿಪಿ ಹಿಂದಿನ ಸಲಕ್ಕಿಂತ ಮೇಲೆ ಹೋಗಿದೆ. ಕೊಟ್ಟ ಮಾತ್ರೆ ತಿಂಗಳಿಗೆ ಮುಗಿಯಬೇಕಿತ್ತು, ಪೊಟ್ಟಣದಲ್ಲಿ ಇನ್ನೂ ಅರ್ಧ ಉಳಿದಿದೆ.

“ದಿನಾ ತಗೊಳ್ಳಿಲ್ಲವಾ ಅಜ್ಜಿ?”

“ತಗೊಂಡೀನಿ ಯವ್ವಾ. ಅರ್ಧಾ ಮುರದು ತಗೊಂಡೀನಿ. ಒಂದು ಗುಳಿಗಿ ಎರಡು ದಿನಾ ಬರ್ತದಲ್ಲ.”

ಮಾತ್ರೆ ಬಿಟ್ಟಿ ಬರುತ್ತದೆಂದು ಅಜ್ಜಿಗೆ ಗೊತ್ತು. ಆದರೆ ಬಿಟ್ಟಿ ಬಂದದ್ದು ನಾಳೆಯೂ ಬರುತ್ತದೆಂಬ ನಂಬಿಕೆ ಅವಳಿಗಿಲ್ಲ. ಅಕ್ಕಿ, ಎಣ್ಣೆ, ನೀರು ಎಲ್ಲವನ್ನೂ ಹಿಡಿದು ಬಳಸಿ ಬದುಕಿದವಳು ಮಾತ್ರೆಯನ್ನೂ ಹಾಗೇ ಹಿಡಿದು ಬಳಸಿದ್ದಾಳೆ. ಡಾಕ್ಟರಮ್ಮ ಗದರಲಿಲ್ಲ. ಟ್ರಂಕಿನ ಮುಚ್ಚಳ ತೆಗೆಸಿ ಒಳಗಿದ್ದ ಮಾತ್ರೆಯ ಪಟ್ಟಿಗಳನ್ನು ತೋರಿಸಿದರು: “ನೋಡಿ, ನಿಮ್ಮವು ಇಲ್ಲೇ ಇವೆ. ಇಡೀ ಮಾತ್ರೆ ತಗೊಳ್ಳಿ.” ಅಜ್ಜಿ ಬಹಳ ಹೊತ್ತು ಟ್ರಂಕಿನೊಳಗೆ ನೋಡಿದಳು. ಆಮೇಲೆ ತಲೆಯಾಡಿಸಿದಳು.

ಇಲ್ಲಿಯ ಮಾತ್ರೆ ಪೊಟ್ಟಣಗಳ ಮೇಲೆ ಅಕ್ಷರ ಕಡಿಮೆ. ಸೂರ್ಯನ ಚಿತ್ರವಿದ್ದರೆ ಬೆಳಿಗ್ಗೆ, ಚಂದ್ರನಿದ್ದರೆ ರಾತ್ರಿ. ಪಕ್ಕದಲ್ಲಿ ಗೆರೆಗಳು, ಒಂದು ಗೆರೆಗೆ ಒಂದು ಮಾತ್ರೆ. ಊಟದ ನಂತರ ಎನ್ನಲು ಒಂದು ರೊಟ್ಟಿಯ ವೃತ್ತ. ಮೊದಲು ಹುಡುಗರು ತಟ್ಟೆಯ ಚಿತ್ರ ಬರೆಯುತ್ತಿದ್ದರಂತೆ, ಅದನ್ನು ಯಾರೋ ಚಂದ್ರನೆಂದುಕೊಂಡು ಬೆಳಗಿನ ಮಾತ್ರೆಯನ್ನು ರಾತ್ರಿ ನುಂಗಿದರು. ಅಂದಿನಿಂದ ರೊಟ್ಟಿಯ ಮೇಲೆ ಸುಟ್ಟ ಚುಕ್ಕೆಗಳನ್ನೂ ಇಡುತ್ತಾರೆ. ಇದಕ್ಕಿಂತ ಒಳ್ಳೆಯ ಔಷಧ ಚೀಟಿಯನ್ನು ನಾನು ಯಾವ ದೊಡ್ಡ ಆಸ್ಪತ್ರೆಯಲ್ಲೂ ನೋಡಿಲ್ಲ.

ಗಾರೆ ಕೆಲಸದವನೊಬ್ಬ ಅಂಗೈ ಚಾಚಿದ. ಹಸಿ ಸಿಮೆಂಟಿನ ಕ್ಷಾರ ಚರ್ಮವನ್ನು ಸುಡುತ್ತದೆ, ದಿನವೂ ಮುಟ್ಟಿದರೆ ಬಿರುಕು ಬಿಡುತ್ತದೆ. ಅವನಿಗೆ ಬೇಕಾದದ್ದು ಮುಲಾಮಲ್ಲ. “ಸೂಜಿ ಮಾಡ್ರಿ ಬಾಯಾರ, ನಾಳಿ ಕೆಲಸಕ್ಕ ಹೋಗಬೇಕು.” ರಸ್ತೆ ಆಚೆ ಓದು ಪದವಿ ಯಾವುದೂ ಇಲ್ಲದವನೊಬ್ಬ ಜ್ವರಕ್ಕೂ ಗಾಯಕ್ಕೂ ಒಂದೇ ಸೂಜಿ ಚುಚ್ಚಿ ಕಾಸು ಎಣಿಸುತ್ತಾನೆ, ಸೂಜಿಯ ಮೇಲಿನ ಈ ನಂಬಿಕೆ ಅಲ್ಲಿಂದ ಬಂದದ್ದು. ಕೈ ತೊಳೆಯಲು ಶುದ್ಧ ನೀರು, ಹಚ್ಚಲು ಮುಲಾಮು, ಹಾಕಲು ರಬ್ಬರಿನ ಕೈಗವಸು ಎಂದು ಡಾಕ್ಟರಮ್ಮ ತಾಳ್ಮೆಯಿಂದ ಹೇಳಿದರು. ಮುಲಾಮು ಇಲ್ಲಿದೆ. ಕೈಗವಸು ಮೇಸ್ತ್ರಿ ಕೊಡಬೇಕು. ನೀರು ಟ್ಯಾಂಕರ್ ಬಂದ ದಿನ.

ನೀರಿನ ಮಾತು ಮುಗಿಯುವಷ್ಟರಲ್ಲಿ ವರ್ಷದ ಕೂಸನ್ನು ಎತ್ತಿಕೊಂಡ ತಾಯಿ ಒಳಗೆ ನುಗ್ಗಿದಳು. ಅವಳ ಚಪ್ಪಲಿ ಸಾಲಿನ ಕೊನೆಯಲ್ಲಿತ್ತು, ಯಾರೂ ತಡೆಯಲಿಲ್ಲ. ಬೆಳಗಿನಿಂದ ಭೇದಿ. ಕಣ್ಣು ಗುಳಿಬಿದ್ದಿವೆ, ಆದರೆ ಚಮಚದಲ್ಲಿ ಕೊಟ್ಟರೆ ಕುಡಿಯುತ್ತಿದೆ. ಒಂದು ಪೊಟ್ಟಣ ಓಆರ್‌ಎಸ್‌ಗೆ ಒಂದು ಲೀಟರ್ ನೀರು. ಲೀಟರ್ ಅಳೆಯಲು ಆಯ್ದು ತಂದ ಕಸದಲ್ಲಿ ಸಿಗುವ ನೀರಿನ ಬಾಟಲಿ ಇದೆಯಲ್ಲ, ಅದೇ ಅಳತೆ. ಬಿಸಿನೀರಲ್ಲಿ ತೊಳೆದು, ಕುದಿಸಿ ಆರಿಸಿದ ನೀರು ತುಂಬಬೇಕು. ನರ್ಸಮ್ಮ ಅದನ್ನು ಬಾಯಲ್ಲಿ ಹೇಳದೆ ತಾಯಿಯ ಕೈಯಿಂದಲೇ ಕಲೆಸಿಸಿದರು. ಸತುವಿನ ಮಾತ್ರೆ 14 ದಿನ, ಭೇದಿ ನಿಂತರೂ ಬಿಡುವ ಹಾಗಿಲ್ಲ. ಗಂಟೆಯೊಳಗೆ ಕೂಸು ಉಚ್ಚೆ ಹೊಯ್ದು ತಾಯಿಯ ಮಡಿಲು ತೋಯಿಸಿತು. ಹೊರಗೆ ಕಾದಿದ್ದ ಹೆಂಗಸರೆಲ್ಲ ನಕ್ಕರು. ಆ ಸಂಜೆ ಕೇಳಿದ ಅತ್ಯಂತ ಒಳ್ಳೆಯ ಸದ್ದು ಅದು.

ಎಂಟೂವರೆ ದಾಟಿದ ಮೇಲೆ ಬಂದವನು ಇಪ್ಪತ್ತೆರಡರ ಹುಡುಗ, ಸೆಂಟ್ರಿಂಗ್ ಕೆಲಸದವನು. ಅವನಿಗೆ ಕ್ಷಯ. ಸರ್ಕಾರಿ ಕೇಂದ್ರದಲ್ಲಿ ಕಫ ಪರೀಕ್ಷೆಯಾಗಿ ಔಷಧ ಶುರುವಾಗಿ ಮೂರನೇ ತಿಂಗಳು. ಇಲ್ಲಿಗೆ ಬರುವುದು ತೂಕ ನೋಡಿಸಲಿಕ್ಕೆ, ಇನ್ನೂ ಹೆಚ್ಚಾಗಿ ಮಾತನಾಡಲಿಕ್ಕೆ. ಮೊದಲ ವಾರ ಉಚ್ಚೆ ಕೇಸರಿ ಬಣ್ಣಕ್ಕೆ ತಿರುಗಿದ್ದು ಕಂಡು ರಕ್ತವೇ ಹೋಗುತ್ತಿದೆ ಎಂದು ಹೆದರಿ ಮಾತ್ರೆ ಬಿಟ್ಟಿದ್ದನಂತೆ. ಅದು ರಿಫಾಂಪಿಸಿನ್ ಮಾತ್ರೆಯ ಬಣ್ಣ, ಹೆದರಬೇಕಾಗಿಲ್ಲ ಎಂದು ಅವನಿಗೆ ಯಾರೂ ಮೊದಲೇ ಹೇಳಿರಲಿಲ್ಲ. ನಾಲ್ಕು ದಿನ ಬಿಟ್ಟವನನ್ನು ಮತ್ತೆ ಹಾದಿಗೆ ತಂದದ್ದು ಈ ಕೋಣೆ. 43 ಕಿಲೋ ಇದ್ದವನು ಈಗ 48. ಆರು ತಿಂಗಳ ಔಷಧಿ ಸರ್ಕಾರದ್ದೇ, ಉಚಿತ. ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು, 2024ರ ನವೆಂಬರಿನಿಂದ ಅದು 1000 ಆಗಿದೆ. ಅದು ಬ್ಯಾಂಕ್ ಖಾತೆಗೆ ಬರಬೇಕು, ಖಾತೆ ಮಾಡಿಸಲು ಒಂದು ದಿನ ಬೇಕು.

“ಹಗಲ ಹೋದ್ರ ಆರ್ನೂರು ರೂಪಾಯಿ ಪಗಾರ ಹೋಗ್ತದ್ರೀ,” ಎಂದ. ಹುಡುಗ ಕೆಮ್ಮುತ್ತ ಎರಡು ತಿಂಗಳು ತಡಮಾಡಿದ್ದೂ ಅದಕ್ಕೇ. ಔಷಧಿಗೆ ದುಡ್ಡಿಲ್ಲ ಎಂದಲ್ಲ, ದಿನ ಇರಲಿಲ್ಲ.

ಬಡವರಿಗೆ ರೋಗದ ಅರಿವಿಲ್ಲ, ಅಸಡ್ಡೆ ಎಂದು ಹೇಳುವವರನ್ನು ಬಹಳ ಕೇಳಿದ್ದೇನೆ. ಆ ಮಾತು ಸುಳ್ಳೆಂದು ಅರವತ್ತು ವರ್ಷಗಳ ಹಿಂದೆಯೇ ನಮ್ಮ ನೆಲದಲ್ಲೇ ಸಾಬೀತಾಗಿದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಅಧ್ಯಯನ ನಡೆಸಿ 1963ರಲ್ಲಿ ಪ್ರಕಟಿಸಿದರು. ಕ್ಷಯವಿದ್ದವರಲ್ಲಿ ಬಹುಪಾಲು ಜನಕ್ಕೆ ತಮಗೇನೋ ಆಗಿದೆ ಎಂಬ ಅರಿವಿತ್ತು, ಅರ್ಧದಷ್ಟು ಮಂದಿ ಆಸ್ಪತ್ರೆಯ ಬಾಗಿಲಿಗೂ ಹೋಗಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಬಾಟಲಿ. ರೋಗಿ ಬಂದಿದ್ದ, ಗುರುತಿಸಬೇಕಾದವರು ಗುರುತಿಸಲಿಲ್ಲ. ಇಂದು ಗುರುತಿಸುವ ಯಂತ್ರವಿದೆ, ಔಷಧವಿದೆ, ದುಡ್ಡೂ ಇದೆ. ಆದರೆ ಹಗಲಲ್ಲೇ ತೆರೆದು ಹಗಲಲ್ಲೇ ಮುಚ್ಚುವ ಕೇಂದ್ರಕ್ಕೆ ಹಗಲನ್ನು ಮಾರಿ ಬದುಕುವವನು ಹೇಗೆ ಬರಬೇಕು? ಈ ತಗಡಿನ ಕೋಣೆಯ ಹೆಚ್ಚುಗಾರಿಕೆ ಅದರ ಔಷಧದಲ್ಲಿಲ್ಲ, ಅದು ಬಾಗಿಲು ತೆರೆಯುವ ಹೊತ್ತಿನಲ್ಲಿದೆ. ಸರ್ಕಾರಿ ಕೇಂದ್ರಗಳು ಇಂಥ ಕಡೆ ವಾರಕ್ಕೆ ಎರಡು ಸಂಜೆಯಾದರೂ ತೆರೆದಿರಲಿ. ಅದಕ್ಕೆ ಹೊಸ ಕಟ್ಟಡ ಬೇಕಿಲ್ಲ.

ಒಂಬತ್ತೂ ಕಾಲಿಗೆ ಬಲ್ಬು ಮಂಕಾಗತೊಡಗಿತು. ಹೊರಗೆ ಎರಡು ಜೊತೆ ಚಪ್ಪಲಿ, ಒಂದು ಕಲ್ಲು. ಆ ಕಲ್ಲು ಯಾರದೆಂದು ನರ್ಸಮ್ಮ ಕತ್ತಲಲ್ಲಿ ನಿಂತು ಕೂಗಿದರು. ಮೂರನೇ ಟೆಂಟಿನಿಂದ ಹೆಂಗಸೊಬ್ಬಳು ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಎದುರಿನ ಅಪಾರ್ಟ್‌ಮೆಂಟಿನ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುವಾಕೆ. ಕೆಮ್ಮು ಶುರುವಾಗಿ ಇಪ್ಪತ್ತು ದಿನ. ಡಾಕ್ಟರಮ್ಮ ಕಫ ಪರೀಕ್ಷೆಗೆ ಚೀಟಿ ಬರೆದರು. ಬೆಳಿಗ್ಗೆಯೇ ಹೋಗಬೇಕು ಎಂದರು. ಅವಳು ಚೀಟಿ ಮಡಚಿ ಕುಪ್ಪಸದೊಳಗೆ ಇಟ್ಟುಕೊಳ್ಳುತ್ತ, “ಅಕ್ಕಾರನ್ನ ಕೇಳಿ ನೋಡ್ತೀನ್ರೀ” ಎಂದಳು.

ಆ ಅಕ್ಕ ನಮ್ಮಲ್ಲಿ ಯಾರಾದರೂ ಆಗಿರಬಹುದು. ನಿಮ್ಮ ಮನೆಗೆ ಕೆಲಸಕ್ಕೆ ಬರುವವರು ಎರಡು ವಾರಕ್ಕಿಂತ ಹೆಚ್ಚು ಕೆಮ್ಮುತ್ತಿದ್ದರೆ ಕಫ ಪರೀಕ್ಷೆಗೆ ಕಳಿಸಿ. ದಯವಿಟ್ಟು ಆ ದಿನದ ಸಂಬಳ ಹಿಡಿಯಬೇಡಿ.