ಮಾತಿನ ಪರೀಕ್ಷೆಯಲ್ಲಿ ಸೈಕಲ್ಲಿನ ಪ್ರಶ್ನೆ

ಉಚ್ಚ ವ್ಯಾಸಂಗಕ್ಕೋ ದಾದಿಯ ಉದ್ಯೋಗಕ್ಕೋ ಪರದೇಶಕ್ಕೆ ಹೊರಡಬೇಕೆನ್ನುವ ನಮ್ಮ ತರುಣ ತರುಣಿಯರಲ್ಲಿ ಅನೇಕರು ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಕೂಡಬೇಕಾಗುತ್ತದೆ. 1989ರಲ್ಲಿ ಆರಂಭವಾದ ಈ ಪರೀಕ್ಷೆಯಲ್ಲಿ ಕೇಳುವುದು, ಓದುವುದು, ಬರೆಯುವುದು ಇವುಗಳ ಜೊತೆಗೆ ಮಾತನಾಡುವುದೂ ಒಂದು ಭಾಗ. ಅಲ್ಲಿ ಬರುವ ಪ್ರಶ್ನೆಗಳೋ ತೀರ ಸಾದಾ. ನಿಮಗೆ ಸೈಕಲ್ ಬರುತ್ತದೆಯೆ? ಯಾರು ಕಲಿಸಿದರು? ನಿಮ್ಮ ಊರಲ್ಲಿ ಸೈಕಲ್ ತುಳಿಯುವವರು ಹೆಚ್ಚೆ? ದಿನಾಲು ಸೈಕಲ್ ಮೇಲೆ ಸಾಲಿಗೆ ಹೋಗಿ ಬಂದ ಹುಡುಗನೂ ಇದಕ್ಕೆ ಬಾಯಿ ಕಟ್ಟಿ ಕೂಡುತ್ತಾನಲ್ಲ, ಏಕೆ?

ಮೊದಲು ಪರೀಕ್ಷೆಯ ರೀತಿಯನ್ನು ತಿಳಿಯೋಣ. ಅದರ ಅವಧಿ 11ರಿಂದ 14 ನಿಮಿಷ; ಘಟ್ಟಗಳು ಮೂರು. ಮೊದಲನೆಯದರಲ್ಲಿ ಚಿಕ್ಕ ಪ್ರಶ್ನೆಗಳು. ಎರಡನೆಯದರಲ್ಲಿ ಒಂದು ಚೀಟಿ ಕೊಟ್ಟು, ಯೋಚಿಸಲು ಒಂದು ನಿಮಿಷ ಬಿಟ್ಟು, ಒಂದರಿಂದ ಎರಡು ನಿಮಿಷ ಮಾತಾಡಿಸುತ್ತಾರೆ. ಮೂರನೆಯದರಲ್ಲಿ ಅದೇ ವಿಷಯದ ಮೇಲೆ ವಿಚಾರದ ಚರ್ಚೆ. ಮಾತಿನ ಓಟ, ಶಬ್ದಸಂಪತ್ತು, ವ್ಯಾಕರಣ, ಉಚ್ಚಾರ ಈ ನಾಲ್ಕಕ್ಕೇ ಅಂಕಗಳು. ನಿಮ್ಮ ಅಭಿಪ್ರಾಯ ಸರಿಯೋ ತಪ್ಪೋ ಎಂಬುದಕ್ಕೆ ಅಂಕವಿಲ್ಲ. ಸೈಕಲ್ ಬಾರದವನು ಬಾರದೆಂದೇ ಹೇಳಿ, ಏಕೆ ಕಲಿಯಲಿಲ್ಲವೆಂದು ವಿವರಿಸಿದರೆ ಅದೂ ಒಳ್ಳೆಯ ಉತ್ತರವೇ.

ಇನ್ನು ಕನ್ನಡಿಗರು ಎಡವುವ ಸ್ಥಳಗಳು. ನಾವು “ನನಗೆ ಸೈಕಲ್ ಬರುತ್ತದೆ” ಎನ್ನುತ್ತೇವೆ. ಬಲ್ಲವನಿಗೆ ಚತುರ್ಥೀ ವಿಭಕ್ತಿ, ಬರುವುದು ಸೈಕಲ್ಲು. ಇಂಗ್ಲಿಷಿನಲ್ಲಿ ಬಲ್ಲವನೇ ಕರ್ತೃ: “ಐ ಕ್ಯಾನ್ ರೈಡ್ ಎ ಬೈಸಿಕಲ್.” ಎರಡನೆಯದು, ನಮ್ಮ “ಹೋಗುತ್ತಿದ್ದೆ” ಎಂಬ ರೂಪ. ಆ ಹೊತ್ತಿಗೆ ನಡೆಯುತ್ತಿದ್ದ ಕೆಲಸಕ್ಕೂ ಹಿಂದಿನ ರೂಢಿಗೂ ನಮಗೆ ಅದೊಂದೇ ಸಾಕು. ಇಂಗ್ಲಿಷಿನಲ್ಲಿ ರೂಢಿಯನ್ನು ಹೇಳುವಾಗ “ಐ ವಾಸ್ ಗೋಯಿಂಗ್” ಎಂದರೆ ಹೊಂದದು. “ಐ ಯೂಸ್ಡ್ ಟು ಗೋ” ಎನ್ನಬೇಕು. ಮೂರನೆಯದು, ಪದದ ಕೊನೆಗೆ ಸ್ವರ ಹಚ್ಚುವ ನಮ್ಮ ನಾಲಗೆಯ ಅಭ್ಯಾಸ. ರೋಡು, ಬಸ್ಸು, ಬೆಲ್ಲು ಎಂಬಲ್ಲಿಯ ಉಕಾರವನ್ನು ಬಿಡಬೇಕು.

“ಹೌದು”, “ಇಲ್ಲ” ಎಂದು ಒಂದೇ ಮಾತಿನಲ್ಲಿ ಮುಗಿಸುವುದೂ ಸಲ್ಲದು. ಉತ್ತರ, ಕಾರಣ, ಒಂದು ಉದಾಹರಣೆ, ಇಷ್ಟಿದ್ದರೆ ಮಾತು ತಾನೇ ಬೆಳೆಯುತ್ತದೆ. ಧಾರವಾಡದ ಏರಿಳಿತದ ಹಾದಿಯಲ್ಲಿ ಏರಿಗೆ ಇಳಿದು ತಳ್ಳುವುದು, ಇಳಿಜಾರಿಗೆ ಬ್ರೇಕು ಹಿಡಿಯುವುದು, ಚೈನು ಕಳಚಿ ಕೈ ಕರಿದಾಗುವುದು, ಇವೆಲ್ಲ ಎರಡು ನಿಮಿಷದ ಮಾತಿಗೆ ಬೇಕಾದಷ್ಟು ಸಾಮಗ್ರಿ.

ಚರ್ಚೆಯ ಘಟ್ಟಕ್ಕೂ ನಮ್ಮೂರಲ್ಲೇ ವಿಷಯವುಂಟು. ಹುಬ್ಬಳ್ಳಿ-ಧಾರವಾಡದ ನಡುವೆ 2018ರಲ್ಲಿ ಚಿಗರಿ ಬಸ್ಸುಗಳು ತಮ್ಮದೇ ಪ್ರತ್ಯೇಕ ಪಥದಲ್ಲಿ ಓಡತೊಡಗಿದವು. ಬಸ್ಸಿಗೆ ಪಥವಿರುವಂತೆ ಸೈಕಲ್ಲಿಗೂ ಬೇಕೆ ಎಂಬುದು ಒಂದು ಪ್ರಶ್ನೆ. 2006-07ರಿಂದ ಹಲವು ವರ್ಷ ನಮ್ಮ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಹಂಚಿತಷ್ಟೆ. ದೂರದ ಹೈಸ್ಕೂಲಿಗೆ ನಡೆಯಬೇಕಾದ ಹಳ್ಳಿಯ ಹುಡುಗಿಗೆ ಸೈಕಲ್ಲೆಂದರೆ ಏನು ಎಂಬುದು ಇನ್ನೊಂದು. ಇವನ್ನು ಬಲ್ಲವನಿಗೆ ಲಂಡನ್ನಿನ ಉದಾಹರಣೆಯನ್ನು ಉರುಹಚ್ಚುವ ಅಗತ್ಯವಿಲ್ಲ.

ಉರುಹಚ್ಚುವುದು ಅಪಾಯವೂ ಹೌದು. ಸಿದ್ಧ ಉತ್ತರವನ್ನು ಪರೀಕ್ಷಕರು ಬೇಗನೆ ಗುರುತಿಸುತ್ತಾರೆ. ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿದರೆ ಸಾಕು, ಬಾಯಿಪಾಠ ಅಲ್ಲಿಗೇ ನಿಲ್ಲುತ್ತದೆ. ಪರೀಕ್ಷೆಯ ಶುಲ್ಕವೇನು ಕಡಿಮೆಯಲ್ಲ. ಅದನ್ನು ಎರಡೆರಡು ಸಲ ತೆರುವುದು ನಮ್ಮಂಥ ಮನೆತನಗಳಿಗೆ ಸಣ್ಣ ಹೊರೆಯಲ್ಲ. ಆದ್ದರಿಂದ ತಂದೆತಾಯಿಗಳು ದಿನಕ್ಕೊಮ್ಮೆ ಗಡಿಯಾರವನ್ನು ಎದುರಿಗಿಟ್ಟು, ಮನೆಯ ಸಾಮಾನೊಂದನ್ನು ತೋರಿಸಿ, ಎರಡು ನಿಮಿಷ ಮಾತಾಡಿಸಲಿ. ಅವರಿಗೆ ಇಂಗ್ಲಿಷ್ ಬಾರದಿದ್ದರೂ ಮಗು ಎಲ್ಲಿ ತಡವರಿಸಿತೆಂಬುದು ಕೇಳಿದವರಿಗೆ ತಿಳಿದೇ ತಿಳಿಯುತ್ತದೆ.